ಓದುಗರ ಪ್ರಶ್ನೆ: ಸೈಲೆನ್ಸರ್ ಪೈಪಿನ ಸೆನ್ಸರ್‌ಗಳು

ಪ್ರಶ್ನೆ: ಪೆಟ್ರೋಲ್ ಕಾರು. ಚೆಕ್ ಇಂಜಿನ್ ದೀಪ ಹತ್ತಿಕೊಂಡಿತ್ತು. ಸ್ಕ್ಯಾನರ್ ಹಾಕಿದಾಗ ಪಿ 0171 ಅಂತ ಕೋಡ್ ಬಂತು. ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದರು, ಹೊಸದು ಹಾಕಿಸಿದೆ. ಒಂದೇ ವಾರದಲ್ಲಿ ಮತ್ತೆ ಅದೇ ಕೋಡ್. ಹೊಸ ಸೆನ್ಸರೂ ಕೆಟ್ಟದ್ದೇ ಸಿಕ್ಕಿತೆ?

ಹಳೆಯದೂ ಚೆನ್ನಾಗಿತ್ತು, ಹೊಸದೂ ಚೆನ್ನಾಗಿದೆ ಎನ್ನುವ ಸಾಧ್ಯತೆಯೇ ಹೆಚ್ಚು. ಪಿ 0171 ಸೆನ್ಸರ್ ಕೆಟ್ಟಿದೆ ಎಂದು ಹೇಳುವ ಕೋಡ್ ಅಲ್ಲ. ಇಂಜಿನ್‌ಗೆ ಹೋಗುವ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಎಂದು ಸೆನ್ಸರ್ ಕೊಟ್ಟ ವರದಿ ಅದು. ವರದಿ ಕೊಟ್ಟವನನ್ನೇ ಬದಲಾಯಿಸಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದ ಹಾಗೆ.

ಸೆನ್ಸರ್ ಮಾಡುವ ಕೆಲಸ ಇಷ್ಟೇ. ಪೆಟ್ರೋಲ್ ಪೂರ್ತಿ ಉರಿಯಲು 1 ಕಿಲೋಗೆ ಸುಮಾರು 14.7 ಕಿಲೋ ಗಾಳಿ ಬೇಕು. ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡಿ, ಈ ಲೆಕ್ಕ ಯಾವ ಕಡೆಗೆ ತಪ್ಪಿದೆ ಎಂದು ಸೆನ್ಸರ್ ಹೇಳುತ್ತದೆ. ಅದರ ತುದಿಯಲ್ಲಿರುವ ಜಿರ್ಕೋನಿಯಾ ಪಿಂಗಾಣಿ 300 ಡಿಗ್ರಿ ದಾಟಿದ ಮೇಲೆ ತಾನೇ ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ: ಪೆಟ್ರೋಲ್ ಹೆಚ್ಚಾದರೆ 0.9 ವೋಲ್ಟ್‌ನ ಹತ್ತಿರ, ಗಾಳಿ ಹೆಚ್ಚಾದರೆ 0.1ರ ಹತ್ತಿರ. ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಅದನ್ನು ನೋಡುತ್ತಾ ಪೆಟ್ರೋಲನ್ನು ಚೂರು ಏರಿಸುತ್ತದೆ, ಚೂರು ಇಳಿಸುತ್ತದೆ. ಹೀಗೆ ಏರಿಸಿದ ಇಳಿಸಿದ ಲೆಕ್ಕಕ್ಕೆ ಫ್ಯೂಯಲ್ ಟ್ರಿಮ್ ಎನ್ನುತ್ತಾರೆ. ಸಾಧಾರಣ ಸ್ಕ್ಯಾನರ್‌ನಲ್ಲೂ ಅದು ಶೇಕಡಾವಾರು ಕಾಣುತ್ತದೆ: ಏರಿಸಿದ್ದು ಪ್ಲಸ್, ಇಳಿಸಿದ್ದು ಮೈನಸ್. ನೀವು ನೋಡಬೇಕಾದ್ದು ಕೋಡನ್ನಲ್ಲ, ಈ ಅಂಕಿಯನ್ನು.

ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಶಾರ್ಟ್ ಟರ್ಮ್ (ಆ ಕ್ಷಣದ ಟ್ರಿಮ್), ಲಾಂಗ್ ಟರ್ಮ್ (ಇಸಿಯು ಕಲಿತಿಟ್ಟುಕೊಂಡ ಟ್ರಿಮ್) ಎರಡನ್ನೂ ಕೂಡಿಸಿ ಬರೆದುಕೊಳ್ಳಿ. ಆಮೇಲೆ 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು ಮತ್ತೆ ಬರೆದುಕೊಳ್ಳಿ. ಐಡ್ಲಿಂಗ್‌ನಲ್ಲಿ +22 ಇದ್ದದ್ದು 2500ಕ್ಕೆ +4ಕ್ಕೆ ಇಳಿದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿದೆ: ಸೀಳಿದ ವ್ಯಾಕ್ಯೂಮ್ ಪೈಪು, ಪಿಸಿವಿ ಹೋಸ್ (ಇಂಜಿನ್ ಒಳಗಿನ ಆವಿಯನ್ನು ಇಂಟೇಕ್‌ಗೆ ಒಯ್ಯುವ ಪೈಪು), ಇಂಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಐಡ್ಲಿಂಗ್‌ನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಕಡಿಮೆ, ಆದ್ದರಿಂದ ಸಣ್ಣ ತೂತೂ ದೊಡ್ಡದಾಗಿ ಕಾಣುತ್ತದೆ. ಥ್ರಾಟಲ್ ತೆರೆದಾಗ ಅದೇ ತೂತು ಗಣನೆಗೇ ಬರುವುದಿಲ್ಲ. ತದ್ವಿರುದ್ಧವಾಗಿ, ನಿಂತಾಗ ಸರಿಯಿದ್ದು ಲೋಡ್ ಬಿದ್ದಂತೆಲ್ಲ ಅಂಕಿ ಏರಿದರೆ ಫ್ಯೂಯಲ್ ಪಂಪಿನ ಪ್ರೆಶರ್, ಫಿಲ್ಟರ್, ಇಲ್ಲವೆ ಧೂಳು ಹಿಡಿದ ಏರ್ ಫ್ಲೋ ಸೆನ್ಸರ್ ಕಡೆ ನೋಡಿ. ಕೂಡಿಸಿದ ಅಂಕಿ ಎರಡೂ ಹಂತದಲ್ಲಿ ±10ರ ಒಳಗಿದ್ದರೆ ಸದ್ಯಕ್ಕೆ ತೊಂದರೆ ಇಲ್ಲ.

ಇನ್ನೊಂದು ಕಡೆ ಬಹಳ ಮಂದಿ ಮೋಸ ಹೋಗುತ್ತಾರೆ. ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಜಾಯಿಂಟ್‌ನಲ್ಲಿ ಲೀಕ್ ಇದ್ದರೂ ಇದೇ ಕೋಡ್ ಬರುತ್ತದೆ. ಹೊಗೆ ಹೊರಗೆ ಬರುವ ಜಾಗದಲ್ಲಿ ಗಾಳಿ ಒಳಗೆ ಹೇಗೆ ಹೋಗುತ್ತದೆ ಎಂದು ಕೇಳಬಹುದು. ಹೊಗೆ ಒಂದೇ ಸಮ ಹರಿಯುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ಎರಡು ಅಲೆಗಳ ನಡುವೆ ಪೈಪಿನೊಳಗಿನ ಒತ್ತಡ ಹೊರಗಿಗಿಂತ ಕೆಳಗಿಳಿದು ಹೊರಗಿನ ಗಾಳಿಯನ್ನು ಹೀರಿಕೊಳ್ಳುತ್ತದೆ. ಸೆನ್ಸರ್ ಆ ಆಕ್ಸಿಜನ್ನನ್ನೂ ಎಣಿಸಿ 'ಪೆಟ್ರೋಲ್ ಕಮ್ಮಿ' ಎನ್ನುತ್ತದೆ, ಇಸಿಯು ನಂಬಿ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ಪತ್ತೆ ಮಾಡಲು ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿ ಕಿವಿಗೊಡಿ. ಟಿಕ್ ಟಿಕ್ ಎಂದು ಶುರುವಾಗಿ, ಲೋಹ ಬಿಸಿಯಾಗಿ ಹಿಗ್ಗಿದಂತೆ ಸದ್ದು ಕರಗಿದರೆ ಅದೇ ಲೀಕ್. ಜಾಯಿಂಟಿನ ಸುತ್ತ ಕಾಡಿಗೆಯಂತೆ ಕಪ್ಪು ಗೆರೆ ಕಂಡರೆ ಅನುಮಾನವೇ ಬೇಡ.

ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದ್ದರೂ ಹೀಗೆಯೇ. ಉರಿಯದ ಪೆಟ್ರೋಲೂ ಉರಿಯದ ಆಕ್ಸಿಜನ್ನೂ ಒಟ್ಟಿಗೆ ಹೊರಗೆ ಹೋಗುತ್ತವೆ. ಸೆನ್ಸರ್‌ಗೆ ಕಾಣುವುದು ಆಕ್ಸಿಜನ್ ಮಾತ್ರ. ಮಿಸ್ಸಿಂಗ್ ಜತೆಗೆ ದೀಪ ಮಿಟುಕುತ್ತಿದ್ದರೆ ಕಾಲು ಹಗುರ ಮಾಡಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಆಗ ಸುಡುತ್ತಿರುತ್ತದೆ.

ಪ್ರಶ್ನೆ: ಪಿ 0420 ಬಂದಿದೆ. ಕನ್ವರ್ಟರ್ ದುಬಾರಿ. ಹಿಂದಿನ ಸೆನ್ಸರ್ ಮಾತ್ರ ಬದಲಾಯಿಸಿದರೆ ಸಾಕಾಗುವುದಿಲ್ಲವೆ?

ಪಿ 0420 ಅಂದರೆ ಕನ್ವರ್ಟರ್ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎನ್ನುವ ಕೋಡ್. ಸೆನ್ಸರ್ ಬದಲಿಸಿದರೆ ಅಪರೂಪಕ್ಕೆ ಸಾಕಾಗುತ್ತದೆ. ಅದಕ್ಕೂ ಮೊದಲು ಸ್ಕ್ಯಾನರ್‌ನಲ್ಲಿ ಎರಡೂ ಸೆನ್ಸರ್‌ಗಳ ಗ್ರಾಫ್ ಒಂದರ ಕೆಳಗೊಂದು ಇಟ್ಟು ನೋಡಿ. ಕನ್ವರ್ಟರ್‌ಗೆ ಮುಂಚಿನದು ಸೆನ್ಸರ್ 1, ಆಚೆಯದು ಸೆನ್ಸರ್ 2. ವಿ ಆಕಾರದ ಇಂಜಿನ್ ಆದರೆ 1ನೇ ಸಿಲಿಂಡರ್ ಇರುವ ಸಾಲೇ ಬ್ಯಾಂಕ್ 1. ಬಿಸಿ ಇಂಜಿನ್, 2500 ಆರ್‌ಪಿಎಂ, ಒಂದೇ ವೇಗ: ಮುಂದಿನ ಸೆನ್ಸರ್ ಮೇಲೆ ಕೆಳಗೆ ಕುಣಿಯುತ್ತಿರಬೇಕು, ಹಿಂದಿನದು 0.6–0.7 ವೋಲ್ಟ್‌ನಲ್ಲಿ ಸುಮ್ಮನೆ ಕೂತಿರಬೇಕು. ಏಕೆಂದರೆ ಒಳ್ಳೆಯ ಕನ್ವರ್ಟರ್ ಆಕ್ಸಿಜನ್ನನ್ನು ತನ್ನೊಳಗೆ ಹಿಡಿದಿಟ್ಟುಕೊಂಡು, ಬೇಕಾದಾಗ ಬಿಟ್ಟು, ಆ ಏರಿಳಿತವನ್ನು ನುಂಗಿಹಾಕುತ್ತದೆ. ಹಿಂದಿನದೂ ಮುಂದಿನದರ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದರೆ ಕನ್ವರ್ಟರ್‌ನ ಶಕ್ತಿ ಮುಗಿದಿದೆ. ಸೆನ್ಸರ್ ನಿಜವನ್ನೇ ಹೇಳುತ್ತಿದೆ. ಆದರೆ ಎರಡು ಸೆನ್ಸರ್‌ಗಳ ನಡುವೆ ಲೀಕ್ ಇದ್ದರೂ ಚಿತ್ರ ಕೆಡುತ್ತದೆ, ಮೊದಲು ಅದನ್ನು ನೋಡಿ.

ಕನ್ವರ್ಟರ್ ತಾನಾಗಿ ಸಾಯುವುದು ಕಡಿಮೆ, ಸಾಯಿಸುವವರು ಬೇರೆ ಇರುತ್ತಾರೆ: ಆಯಿಲ್ ಕುಡಿಯುವ ಇಂಜಿನ್, ಕೂಲಂಟ್ ಸೋರುವ ಹೆಡ್ ಗ್ಯಾಸ್ಕೆಟ್, ತಿಂಗಳುಗಟ್ಟಲೆ ಬಿಟ್ಟ ಮಿಸ್ಸಿಂಗ್. ಕಾರಣ ಹಾಗೇ ಬಿಟ್ಟರೆ ಹೊಸದಕ್ಕೂ ಅದೇ ಗತಿ. ಹಿಂದಿನ ಸೆನ್ಸರ್ ಕೆಳಗೆ ಸ್ಪೇಸರ್ (ಸೆನ್ಸರನ್ನು ಹೊಗೆಯಿಂದ ದೂರ ಸರಿಸುವ ತುಂಡು) ಹಾಕಿ ದೀಪ ಆರಿಸಿಕೊಡುತ್ತೇವೆ ಎನ್ನುವವರು ಎಲ್ಲೆಡೆ ಇದ್ದಾರೆ. ಆರುವುದು ದೀಪ ಮಾತ್ರ, ವಿಷದ ಹೊಗೆ ಹಾಗೇ ಹೋಗುತ್ತಿರುತ್ತದೆ.

ಪ್ರಶ್ನೆ: ಮನೆಯಲ್ಲಿ ಡಿಜಿಟಲ್ ಮಲ್ಟಿಮೀಟರ್ ಇದೆ. ಅದರಿಂದ ಸೆನ್ಸರ್ ಪರೀಕ್ಷೆ ಮಾಡಬಹುದೆ?

ನಾಲ್ಕು ವೈರಿನ ಜಿರ್ಕೋನಿಯಾ ಸೆನ್ಸರ್ ಆದರೆ ಧಾರಾಳವಾಗಿ. ಐದು ವೈರು ಕಂಡರೆ ಅದು ವೈಡ್‌ಬ್ಯಾಂಡ್, ಅಂದರೆ ಲೆಕ್ಕ ಎಷ್ಟು ತಪ್ಪಿದೆ ಎಂದೂ ಹೇಳುವ ಸೆನ್ಸರ್. ಅದರ ಹೀಟರನ್ನು (ತುದಿಯನ್ನು ಬಿಸಿ ಮಾಡುವ ಒಳಗಿನ ತಂತಿ) ಮೀಟರ್‌ನಿಂದ ನೋಡಬಹುದು, ಉಳಿದದ್ದಕ್ಕೆ ಸ್ಕ್ಯಾನರೇ ಬೇಕು. ಅದು ಕೆಲಸ ಮಾಡುವುದು ಕರೆಂಟಿನ ಲೆಕ್ಕದಲ್ಲಿ.

ಮೊದಲು ಹೀಟರ್. ಪಿ 0135, ಪಿ 0141 ಬಂದಾಗ ನೋಡಬೇಕಾದ್ದೂ ಇದನ್ನೇ. ತಣ್ಣಗಿರುವ ಇಂಜಿನ್, ಕೀ ಆಫ್, ಕಪ್ಲರ್ ಬಿಚ್ಚಿ. ಸೆನ್ಸರ್ ಕಡೆಯ ನಾಲ್ಕು ವೈರುಗಳಲ್ಲಿ ಒಂದೇ ಬಣ್ಣದ ಎರಡು ಇರುತ್ತವೆ, ಸಾಮಾನ್ಯವಾಗಿ ಎರಡು ಬಿಳಿ ಇಲ್ಲವೆ ಎರಡು ಕಪ್ಪು. ಅವೇ ಹೀಟರ್ ವೈರುಗಳು. ಅವುಗಳ ನಡುವೆ ಓಮ್ ಅಳೆಯಿರಿ. ಬಹಳಷ್ಟು ಸೆನ್ಸರ್‌ಗಳಲ್ಲಿ 2ರಿಂದ 15 ಓಮ್ ಒಳಗೆ ಬರುತ್ತದೆ. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿಯೇ ಅಂತಿಮ. ಮೀಟರ್ 'ಓಪನ್' ತೋರಿಸಿದರೆ ಒಳಗಿನ ತಂತಿ ತುಂಡಾಗಿದೆ, ಸೆನ್ಸರ್ ಬದಲಿಸಲೇಬೇಕು. ಓಮ್ ಸರಿಯಿದ್ದರೆ ಇಂಜಿನ್ ಸ್ಟಾರ್ಟ್ ಮಾಡಿ, ಕಾರಿನ ಕಡೆಯ ಕಪ್ಲರ್‌ನಲ್ಲಿ ಬ್ಯಾಟರಿ ವೋಲ್ಟೇಜ್ ಬರುತ್ತಿದೆಯೆ ನೋಡಿ. ಬರದಿದ್ದರೆ ಫ್ಯೂಸ್, ರಿಲೇ, ಅಥವಾ ಪೈಪಿಗೆ ತಾಗಿ ಕರಗಿದ ವೈರು. ಒಂದು ಸಣ್ಣ ಫ್ಯೂಸ್ ಹೋಗಿದ್ದಕ್ಕೆ ಎರಡೂ ಸೆನ್ಸರ್ ಬದಲಾಗಿರುವ ಕಾರುಗಳು ಕಡಿಮೆಯೇನಿಲ್ಲ.

ಆಮೇಲೆ ಸಿಗ್ನಲ್. ಕಪ್ಲರ್ ಮತ್ತೆ ಜೋಡಿಸಿ, ಅದರ ಹಿಂಬದಿಯಿಂದ ತೆಳು ಪಿನ್ ತೂರಿಸಿ ಸಿಗ್ನಲ್ ವೈರಿಗೂ ಸೆನ್ಸರ್‌ನ ಅರ್ಥ್ ವೈರಿಗೂ ಮೀಟರ್ ಹಚ್ಚಿ, ಡಿಸಿ ವೋಲ್ಟ್‌ನಲ್ಲಿಡಿ. ಈ ಎರಡು ವೈರುಗಳ ಮೇಲೆ ಓಮ್ ಮಾತ್ರ ಅಳೆಯಬೇಡಿ. ಮೀಟರ್ ಬಿಡುವ ಕರೆಂಟ್ ಸೆನ್ಸರನ್ನು ಕೆಡಿಸಬಹುದು. ಬಿಸಿ ಇಂಜಿನ್ನನ್ನು 2500 ಆರ್‌ಪಿಎಂನಲ್ಲಿ ಎರಡು ನಿಮಿಷ ಹಿಡಿಯಿರಿ. ಅಂಕಿ 0.2ರ ಕೆಳಗಿನಿಂದ 0.7ರ ಮೇಲಕ್ಕೆ ಪದೇ ಪದೇ ಹಾರುತ್ತಿರಬೇಕು, 10 ಸೆಕೆಂಡಿನಲ್ಲಿ ಏಳೆಂಟು ಸಲವಾದರೂ. ಆಕ್ಸಲರೇಟರ್ ಥಟ್ಟನೆ ಒತ್ತಿದರೆ 0.8 ದಾಟಬೇಕು, ಬಿಟ್ಟೊಡನೆ 0.2ರ ಕೆಳಗೆ ಬೀಳಬೇಕು. ಒತ್ತಿದರೂ ಬಿಟ್ಟರೂ 0.45ರ ಆಸುಪಾಸಿನಲ್ಲೇ ಕೂತಿದ್ದರೆ, ಅನೇಕ ಕಾರುಗಳಲ್ಲಿ ಅದು ಸೆನ್ಸರ್‌ನ ಮಾತೇ ಅಲ್ಲ, ಇಸಿಯು ಆ ವೈರಿಗೆ ಇಟ್ಟಿರುವ ವೋಲ್ಟೇಜ್. ಅಂದರೆ ಸೆನ್ಸರ್ ಬಿಸಿಯಾಗಿಲ್ಲ, ಇಲ್ಲವೆ ವೈರು ತುಂಡಾಗಿದೆ. ಹಾರುತ್ತಿದೆ, ಆದರೆ ಸೋಮಾರಿಯಂತೆ ನಿಧಾನ ಎಂದಾದರೆ ವಯಸ್ಸಾಗಿದೆ. ಪಿ 0133 ಬರುವುದು ಇದಕ್ಕೇ. ಈಗ ಬದಲಿಸಿದರೆ ದುಡ್ಡಿಗೆ ಬೆಲೆ.

ಪ್ರಶ್ನೆ: ಕಪ್ಪಾದ ಸೆನ್ಸರನ್ನು ಪೆಟ್ರೋಲ್‌ನಲ್ಲಿ ನೆನೆಸಿ ಬ್ರಶ್‌ನಿಂದ ಉಜ್ಜಿ ಹಾಕಬಹುದೆ?

ಬೇಡ. ತುದಿಯ ಪ್ಲಾಟಿನಂ ಪದರ ಕೂದಲಿಗಿಂತ ತೆಳು, ಬ್ರಶ್‌ಗೆ ಎದ್ದು ಬರುತ್ತದೆ. ಕಪ್ಪು ಮಸಿ ಮಾತ್ರ ಇದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ ಎಂದರ್ಥ. ಆ ದೋಷ ಸರಿಪಡಿಸಿ ಹೈವೇಯಲ್ಲಿ ಓಡಿಸಿದರೆ ಮಸಿ ತಾನೇ ಸುಟ್ಟುಹೋಗುತ್ತದೆ. ಸುಣ್ಣ ಬಳಿದಂತೆ ಬಿಳಿಯಾಗಿದ್ದರೆ ಸಿಲಿಕೋನ್ ಅಥವಾ ಕೂಲಂಟ್, ಕಂದು ಬೂದಿ ಗಟ್ಟಿಯಾಗಿ ಕೂತಿದ್ದರೆ ಇಂಜಿನ್ ಆಯಿಲ್. ಇವೆರಡೂ ತೊಳೆದರೆ ಹೋಗುವುದಿಲ್ಲ. ಇಂಜಿನ್ ಕೆಲಸದಲ್ಲಿ ಗ್ಯಾಸ್ಕೆಟ್ ಪೇಸ್ಟ್ ಬಳಸುವಾಗ ಡಬ್ಬಿಯ ಮೇಲೆ 'ಸೆನ್ಸರ್ ಸೇಫ್' ಎಂದಿದೆಯೆ ನೋಡಿಕೊಳ್ಳಿ. ಮಾಮೂಲಿ ಸಿಲಿಕೋನ್ ಒಣಗುವಾಗ ಬಿಡುವ ಆವಿ ಇಂಜಿನ್ ಮೂಲಕ ಬಂದು ಸೆನ್ಸರ್ ಮೇಲೆ ಗಾಜಿನಂತೆ ಕೂರುತ್ತದೆ.

ಪ್ರಶ್ನೆ: ಹಳೆಯ ಸೆನ್ಸರ್ ತುಕ್ಕು ಹಿಡಿದು ಅಲುಗುತ್ತಲೇ ಇಲ್ಲ. ಬಿಚ್ಚುವುದು ಹೇಗೆ?

ಹಿಂದಿನ ರಾತ್ರಿ ಥ್ರೆಡ್ ಬುಡಕ್ಕೆ ತುಕ್ಕು ಬಿಡಿಸುವ ಆಯಿಲ್ ಹಾಕಿಡಿ. ಬೆಳಗ್ಗೆ ಇಂಜಿನ್ ಕೆಲವು ನಿಮಿಷ ಓಡಿಸಿ ನಿಲ್ಲಿಸಿ. ಪೈಪು ಬೆಚ್ಚಗಿರುವಾಗ ಹಿಡಿತ ಸಡಿಲವಾಗುತ್ತದೆ. ದಪ್ಪ ಕೈಗವಸು ಹಾಕದೆ ಕೈ ಇಡಬೇಡಿ. ಬಾಯಿ ತೆರೆದ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಕೆಲಸ ಕೆಡುತ್ತದೆ. ವೈರು ತೂರಿಸಲು ಸೀಳು ಬಿಟ್ಟಿರುವ 22 ಮಿ.ಮೀ. ಸಾಕೆಟ್ ಸಿಗುತ್ತದೆ, ಅದನ್ನೇ ಹಾಕಿ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮತ್ತೆ ಬಿಚ್ಚಿ. ಒಂದೇ ದಮ್ಮಿಗೆ ಎಳೆದರೆ ಪೈಪಿನ ಥ್ರೆಡ್ಡೂ ಕಿತ್ತು ಬರುತ್ತದೆ. ಬಂದ ಮೇಲೆ ಎಂ 18 × 1.5 ಟ್ಯಾಪ್ ಓಡಿಸಿ ಥ್ರೆಡ್ ಸ್ವಚ್ಛ ಮಾಡಿ.

ಹೊಸ ಸೆನ್ಸರ್‌ನ ಥ್ರೆಡ್‌ಗೆ ಸಾಮಾನ್ಯವಾಗಿ ಪೇಸ್ಟ್ ಹಚ್ಚಿಯೇ ಬಂದಿರುತ್ತದೆ. ಇಲ್ಲದಿದ್ದರೆ ಸೆನ್ಸರ್‌ಗೆಂದೇ ಮಾಡಿದ ಆ್ಯಂಟಿ ಸೀಜ್ ತೆಳ್ಳಗೆ ಹಚ್ಚಿ, ತುದಿಯ ತೂತುಗಳಿಗೆ ತಾಗದಂತೆ. ಕೈಯಿಂದ ಪೂರ್ತಿ ತಿರುಗಿಸಿ, ಆಮೇಲೆ 40–50 ನ್ಯೂಟನ್ ಮೀಟರ್ ಬಿಗಿ ಸಾಕು. ಕೆಳಗೆ ಬಿದ್ದ ಸೆನ್ಸರ್ ಹಾಕಬೇಡಿ, ಒಳಗಿನ ಪಿಂಗಾಣಿ ಸೀಳಿರಬಹುದು. ಇನ್ನೊಂದು ವಿಚಾರ ಕೇಳಿದರೆ ಆಶ್ಚರ್ಯವಾಗಬಹುದು: ಬಹಳಷ್ಟು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ವೈರಿನೊಳಗಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಅದಕ್ಕೇ ಆ ವೈರಿಗೆ ಬೆಸುಗೆ ಹಾಕಬಾರದು, ಕಪ್ಲರ್‌ಗೆ ಗ್ರೀಸ್ ತುಂಬಬಾರದು, ಕ್ಲೀನರ್ ಸ್ಪ್ರೇ ಹೊಡೆಯಬಾರದು.

ಪ್ರಶ್ನೆ: ಡೀಸೆಲ್ ಕಾರಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತುಂಬಿದೆ ಎನ್ನುವ ಎಚ್ಚರಿಕೆ ಮೇಲಿಂದ ಮೇಲೆ ಬರುತ್ತದೆ. ರೀಜೆನರೇಶನ್ (ಆ ಮಸಿ ಸುಡಿಸುವುದು) ಮಾಡಿಸಿದರೂ ಎರಡು ದಿನಕ್ಕೆ ಮತ್ತೆ. ನಾಕ್ಸ್ (ನೈಟ್ರೋಜನ್ ಆಕ್ಸೈಡ್) ಸೆನ್ಸರ್ ಕೂಡ ಬದಲಿಸಿ ಎನ್ನುತ್ತಿದ್ದಾರೆ.

ಡಿಪಿಎಫ್‌ಗೆ ಕೈ ಹಾಕುವ ಮುಂಚೆ ಪ್ರೆಶರ್ ಸೆನ್ಸರ್ ನೋಡಿ. ಫಿಲ್ಟರ್‌ನ ಮುಂದಿನಿಂದ ಒಂದು, ಹಿಂದಿನಿಂದ ಒಂದು ಸಣ್ಣ ಹೋಸ್ ಅದಕ್ಕೆ ಬಂದಿರುತ್ತದೆ. ಎರಡರ ಒತ್ತಡದ ವ್ಯತ್ಯಾಸದಿಂದ ಮಸಿ ಎಷ್ಟು ಕೂತಿದೆ ಎಂದು ಇಸಿಯು ಅಂದಾಜು ಮಾಡುತ್ತದೆ. ಕೀ ಆನ್, ಇಂಜಿನ್ ಆಫ್: ಸ್ಕ್ಯಾನರ್‌ನಲ್ಲಿ ಸೊನ್ನೆ ಬರಬೇಕು. ಎದ್ದುಕಾಣುವಷ್ಟು ಅಂಕಿ ಇದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಸೊನ್ನೆ ಬಂದರೆ ಹೋಸ್‌ಗಳನ್ನು ಕಿತ್ತು ನೋಡಿ. ಬುಡದಲ್ಲಿ ಸೀಳಿರುತ್ತದೆ, ಇಲ್ಲವೆ ಒಳಗೆ ಮಸಿ ಕಟ್ಟಿರುತ್ತದೆ. ಯಾರೋ ಅದಲು ಬದಲು ಹಾಕಿರುವುದೂ ಉಂಟು. ಗಾಳಿ ಊದುವುದಾದರೆ ಹೋಸನ್ನು ಸೆನ್ಸರ್‌ನಿಂದ ಬಿಡಿಸಿ ಫಿಲ್ಟರ್ ಕಡೆಗೆ ಊದಿ. ಸೆನ್ಸರ್ ಕಡೆಗೆ ಊದಿದರೆ ಒಳಗಿನ ಪೊರೆ ಹರಿಯುತ್ತದೆ. ಹೊಸ ಪ್ರೆಶರ್ ಸೆನ್ಸರ್ ಹಾಕಿದರೆ ಸ್ಕ್ಯಾನರ್‌ನಿಂದ ಅದರ ಹಳೆಯ ಕಲಿಕೆ ಅಳಿಸಬೇಕಾದ ಕಾರುಗಳಿವೆ, ಆ ಹೆಜ್ಜೆ ಮರೆಯಬೇಡಿ.

ನಾಕ್ಸ್ ಸೆನ್ಸರ್ ವಿಷಯದಲ್ಲಿ ಇನ್ನೂ ತಾಳ್ಮೆ ಬೇಕು. ಅದಕ್ಕೆ ನೈಟ್ರೋಜನ್ ಆಕ್ಸೈಡ್‌ಗೂ ಅಮೋನಿಯಾಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಯೂರಿಯಾ ಇಂಜೆಕ್ಟರ್ (ನಾಕ್ಸ್ ಇಳಿಸಲು ಹೊಗೆಗೆ ಯೂರಿಯಾ ದ್ರಾವಣ ಚಿಮ್ಮಿಸುವುದು) ತೊಟ್ಟಿಕ್ಕಿ, ಅದರಿಂದ ಹುಟ್ಟುವ ಅಮೋನಿಯಾ ಹೆಚ್ಚಾಗಿ ಹೊರಗೆ ಬಂದರೂ 'ನಾಕ್ಸ್ ಜಾಸ್ತಿ' ಎಂದೇ ತೋರಿಸುತ್ತದೆ. ಇಂಜೆಕ್ಟರ್ ತುದಿಯಲ್ಲಿ ಬಿಳಿ ಹರಳು ಕಟ್ಟಿದೆಯೆ, ಟ್ಯಾಂಕಿನಲ್ಲಿರುವುದು ಶೇ. 32.5ರ ದ್ರಾವಣವೇ ಅಥವಾ ಯಾರಾದರೂ ನೀರು ಬೆರೆಸಿದ್ದಾರೆಯೆ ಪರೀಕ್ಷಿಸಿ. ನಿಜವಾಗಿ ಕೆಟ್ಟಿದ್ದರೆ ತುದಿ, ವೈರು, ಕಂಟ್ರೋಲ್ ಡಬ್ಬಿ ಮೂರನ್ನೂ ಒಟ್ಟಿಗೇ ಬದಲಿಸಬೇಕು. ಒಂದಕ್ಕೊಂದು ಹೊಂದಿಸಿಯೇ ಕಾರ್ಖಾನೆಯಿಂದ ಬರುತ್ತವೆ, ವೈರು ಕತ್ತರಿಸಿ ಜೋಡಿಸಿದರೆ ನಡೆಯುವುದಿಲ್ಲ.

ಪ್ರಶ್ನೆ: ಹೊಗೆ ತಪಾಸಣೆಗೆ ಹೋಗುವ ದಿನ ಬ್ಯಾಟರಿ ಟರ್ಮಿನಲ್ ಕಳಚಿ ಕೋಡ್ ಅಳಿಸಿದರೆ ಪಾಸ್ ಆಗುವುದಿಲ್ಲವೆ?

ಓಬಿಡಿ ಸಾಕೆಟ್‌ಗೆ (ಸ್ಕ್ಯಾನರ್ ಹಾಕುವ ಜಾಗ) ಯಂತ್ರ ಜೋಡಿಸಿ ನೋಡುವ ಕಡೆ ಸಿಕ್ಕಿಬೀಳುತ್ತೀರಿ. ಕೋಡ್ ಅಳಿಸಿದೊಡನೆ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಮೊದಲಾದ ಮಾನಿಟರ್‌ಗಳೆಲ್ಲ (ಇಸಿಯು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು) 'ನಾಟ್ ರೆಡಿ'ಗೆ ಹೋಗುತ್ತವೆ. ಮತ್ತೆ ರೆಡಿಯಾಗಲು ರಾತ್ರಿಯೆಲ್ಲ ತಣ್ಣಗೆ ನಿಂತ ಕಾರನ್ನು ಸ್ಟಾರ್ಟ್ ಮಾಡಿ, ಸ್ವಲ್ಪ ಐಡ್ಲಿಂಗ್, ಊರೊಳಗೆ ಒಂದಿಷ್ಟು, ಹೈವೇಯಲ್ಲಿ ಒಂದೇ ವೇಗದಲ್ಲಿ ಒಂದಿಷ್ಟು, ಕಾಲು ತೆಗೆದು ತಾನಾಗಿ ನಿಧಾನವಾಗಲು ಬಿಟ್ಟು ಒಂದಿಷ್ಟು ಓಡಿಸಬೇಕು. ಹೀಗೆ ಕೆಲವು ದಿನ ಹಿಡಿಯುತ್ತದೆ. ಟ್ಯಾಂಕ್ ಪೂರ್ತಿ ತುಂಬಿದ್ದರೂ ಪೂರ್ತಿ ಖಾಲಿಯಿದ್ದರೂ ಪೆಟ್ರೋಲ್ ಆವಿಯ ಮಾನಿಟರ್ ಓಡುವುದೇ ಇಲ್ಲ, ಅರ್ಧದ ಆಸುಪಾಸಿನಲ್ಲಿಡಿ.

ಪೈಪಿಗೆ ನಳಿಗೆ ತೂರಿಸಿ ಅಳೆಯುವ ತಪಾಸಣೆಯಾದರೆ, ಹೋಗುವ ಮುಂಚೆ 15–20 ನಿಮಿಷ ಓಡಿಸಿಕೊಂಡೇ ಹೋಗಿ, ಸರದಿ ಬರುವವರೆಗೆ ಇಂಜಿನ್ ತಣ್ಣಗಾಗಲು ಬಿಡಬೇಡಿ. ಕನ್ವರ್ಟರ್ ಸರಿಯಾಗಿ ಕೆಲಸ ಶುರು ಮಾಡುವುದು 250–300 ಡಿಗ್ರಿ ಮುಟ್ಟಿದ ಮೇಲೆಯೇ.