ಸಣ್ಣ ಕಾರು ಮಾರಲು ಮಹಿಳಾ ಫುಟ್‌ಬಾಲ್ ತಂಡ: ಗೌರವವೋ, ವ್ಯಾಪಾರವೋ?

ಒಂದು ಕಾರು ಕಂಪನಿ ತನ್ನ ಪುಟ್ಟ ಕಾರಿನ ಪ್ರಚಾರಕ್ಕೆಂದು ಮಹಿಳಾ ಫುಟ್‌ಬಾಲ್ ತಂಡಕ್ಕೆ ಹಣ ಕೊಟ್ಟಿದೆ. ಇದು ಆಟಗಾರ್ತಿಯರ ಮೇಲಿನ ಗೌರವವೋ, ಹೆಂಗಸರಿಗೆ ಸಣ್ಣ ಕಾರು ಸಾಕು ಎಂಬ ಹಳೆಯ ಲೆಕ್ಕವೋ ಎಂದು ಕೇಳಿದ್ದೀರಿ. ವ್ಯಾಪಾರವೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಹಣ ಯಾರ ಕೈ ಸೇರುತ್ತದೆ, ಎಷ್ಟು ವರ್ಷ ಸೇರುತ್ತದೆ ಎಂದು ನೋಡದೆ ಅದನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ನಾನು ಹಾಸನದವಳು. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ, ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಹತ್ತಿರದ ಊರು ವೋಲ್ಫ್ಸ್‌ಬುರ್ಗ್. 1938ರಲ್ಲಿ ಕಾರು ಕಾರ್ಖಾನೆಗೆಂದೇ ಕಟ್ಟಿದ ಊರು ಅದು. ಅಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಒಡೆತನವೂ ಫೋಕ್ಸ್‌ವ್ಯಾಗನ್ ಕಂಪನಿಯದೇ. ರಜೆಯ ದಿನ ಬಿಡುವಾದರೆ ಅಲ್ಲಿನ ಮಹಿಳಾ ತಂಡದ ಪಂದ್ಯಕ್ಕೆ ಹೋಗುತ್ತೇನೆ. ಐದು ಸಾವಿರ ಚಿಲ್ಲರೆ ಜನ ಹಿಡಿಸುವ ಚಿಕ್ಕ ಕ್ರೀಡಾಂಗಣ. ಆಟಗಾರ್ತಿಯರು ಒಬ್ಬರನ್ನೊಬ್ಬರು ಕೂಗಿ ಕರೆಯುವುದೂ ಕೇಳಿಸುವಷ್ಟು ಹತ್ತಿರ ಕುಳಿತು ನೋಡಬಹುದು.

ಮೊದಲು ಕಾರಿನ ವಿಷಯ. ಹೆಂಗಸರಿಗೆಂದೇ ಕಾರು ಮಾಡುತ್ತೇವೆ ಎಂದು ಹೊರಟವರು ಬಹುತೇಕ ಬಣ್ಣದಲ್ಲಿಯೇ ಸಿಕ್ಕಿಬಿದ್ದಿದ್ದಾರೆ. 1955ರಲ್ಲಿ ಅಮೆರಿಕದ ಡಾಡ್ಜ್ ಕಂಪನಿ ‘ಲಾ ಫೆಮ್’ ಎಂಬ ಗುಲಾಬಿ ಬಣ್ಣದ ಕಾರು ತಂದು, ಜೊತೆಗೆ ಕೈಚೀಲ, ಲಿಪ್‌ಸ್ಟಿಕ್ ಡಬ್ಬಿ, ಛತ್ರಿ ಎಲ್ಲವನ್ನೂ ಕೊಟ್ಟಿತು. ಎರಡೇ ವರ್ಷದಲ್ಲಿ ಅದು ನಿಂತುಹೋಯಿತು. ಅರವತ್ತು ವರ್ಷಗಳ ನಂತರವೂ ಪಾಠ ಕಲಿತಿರಲಿಲ್ಲ: 2016ರಲ್ಲಿ ಸ್ಪೇನಿನ ಸಿಯಾಟ್ ಕಾರು ಕಂಪನಿ ಒಂದು ಮಹಿಳಾ ಪತ್ರಿಕೆಯ ಜೊತೆ ಸೇರಿ ತನ್ನ ಪುಟ್ಟ ‘ಮೀ’ ಕಾರಿಗೆ ನೇರಳೆ ಬಣ್ಣ ಬಳಿದು, ಹೆಡ್‌ಲೈಟಿಗೆ ಕಾಡಿಗೆ ತೀಡಿದಂತಹ ಅಂಚು ಕೊಟ್ಟಿತು. ಆ ‘ಮೀ’ ನಾನು ಓಡಿಸುವ ಫೋಕ್ಸ್‌ವ್ಯಾಗನ್ ‘ಅಪ್’ ಕಾರಿನ ಅವಳಿ. ಎರಡೂ ಸ್ಲೋವಾಕಿಯಾದ ಬ್ರಾಟಿಸ್ಲಾವಾದ ಒಂದೇ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಉದ್ದ ಮೂರೂವರೆ ಮೀಟರ್‌ಗಿಂತ ತುಸು ಹೆಚ್ಚು. ಹಳೆಯ ಊರುಗಳ ಇಕ್ಕಟ್ಟಾದ ಬೀದಿಯಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂಬ ಕಾರಣಕ್ಕೆ ನಾನು ಅದನ್ನು ಕೊಂಡೆ. ಕೊಳ್ಳುವ ದಿನ ಮಾರಾಟಗಾರ ನನಗೆ ಬಣ್ಣಗಳನ್ನು ತೋರಿಸುತ್ತಾ, ಎಂಜಿನ್ ವಿಷಯ ಬಂದಾಗ ನನ್ನ ಗಂಡನ ಕಡೆಗೆ ತಿರುಗುತ್ತಿದ್ದ. ಎಂಜಿನ್ ಬಗ್ಗೆ ಕೇಳುತ್ತಿದ್ದವಳು ನಾನು. ಆ ಸಿಟ್ಟು ಇನ್ನೂ ಆರಿಲ್ಲ.

ನಮ್ಮ ಕಡೆಯೂ ಇದು ಹೊಸದಲ್ಲ. ಗೇರಿಲ್ಲದ ಯಾವ ಸ್ಕೂಟರಾದರೂ ‘ಸ್ಕೂಟಿ’ಯೇ, ಸ್ಕೂಟಿ ಎಂದರೆ ಹುಡುಗಿಯರದು ಎಂದು ಜಾಹೀರಾತುಗಳು ನಮಗೆ ಕಲಿಸಿದವು. ಹಾಗಾಗಿ ಒಂದು ಕಂಪನಿ ಸಣ್ಣ ಕಾರಿನ ಪಕ್ಕದಲ್ಲಿ ಬಣ್ಣದ ಡಬ್ಬಿಯ ಬದಲು ಬೆವರಿಳಿಯುವ, ಮೊಣಕಾಲಿಗೆ ಮಣ್ಣು ಮೆತ್ತಿದ ಆಟಗಾರ್ತಿಯನ್ನು ನಿಲ್ಲಿಸಿದರೆ ಅದನ್ನು ನಾನು ಸ್ವಾಗತಿಸುತ್ತೇನೆ.

ಕಂಪನಿಗೆ ಇದರಲ್ಲಿ ಲಾಭವೇನು? ಪುರುಷರ ಫುಟ್‌ಬಾಲಿನಲ್ಲಿ ಪ್ರಾಯೋಜಕರ ನೂಕುನುಗ್ಗಲು, ದರವೂ ವಿಪರೀತ. ಮಹಿಳಾ ಪಂದ್ಯದಲ್ಲಿ ಅದಕ್ಕಿಂತ ಬಹಳ ಕಡಿಮೆ ಹಣಕ್ಕೆ ಎದ್ದು ಕಾಣಬಹುದು. ಮಕ್ಕಳೊಂದಿಗೆ ಬರುವ ಕುಟುಂಬಗಳೂ ಅಲ್ಲಿರುತ್ತವೆ. ಯುರೋಪಿನ ಫುಟ್‌ಬಾಲ್ ಒಕ್ಕೂಟ ಮಹಿಳಾ ಪಂದ್ಯಾವಳಿಗಳ ಪ್ರಾಯೋಜಕತ್ವವನ್ನು ಪುರುಷರದರಿಂದ ಬೇರ್ಪಡಿಸಿ ಮಾರತೊಡಗಿದ ಮೇಲೆ 2018ರಲ್ಲಿ ಪಾವತಿ ಕಾರ್ಡುಗಳ ಕಂಪನಿ ವೀಸಾ ಮೊದಲಿಗನಾಗಿ ಬಂತು. 2022ರ ಮಹಿಳಾ ಯುರೋ ಪಂದ್ಯಾವಳಿಯ ಫೈನಲ್‌ಗೆ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ 87,192 ಜನ ಸೇರಿದ್ದರು. ಆ ಪಂದ್ಯಾವಳಿಯ ಪ್ರಾಯೋಜಕರಲ್ಲಿ ಫೋಕ್ಸ್‌ವ್ಯಾಗನ್ ಕೂಡ ಇತ್ತು. ಇದೇ ಜರ್ಮನಿಯಲ್ಲಿ, ಆಗಿನ ಪಶ್ಚಿಮ ಜರ್ಮನಿಯಲ್ಲಿ, 1955ರಿಂದ 1970ರವರೆಗೆ ಮಹಿಳಾ ಫುಟ್‌ಬಾಲಿಗೆ ದೇಶದ ಫುಟ್‌ಬಾಲ್ ಒಕ್ಕೂಟದ ನಿಷೇಧವಿತ್ತು. 1989ರಲ್ಲಿ ಯುರೋಪಿನ ಚಾಂಪಿಯನ್ ಆದ ಅಲ್ಲಿನ ಆಟಗಾರ್ತಿಯರಿಗೆ ಅದೇ ಒಕ್ಕೂಟ ಬಹುಮಾನವಾಗಿ ಕೊಟ್ಟದ್ದು ಕಾಫಿ ಕಪ್ಪು-ಬಸಿಗಳ ಸೆಟ್ಟು! ಇಷ್ಟು ಗೊತ್ತಿದ್ದವರಿಗೆ ‘ವ್ಯಾಪಾರದ ಹಣ’ ಎಂದು ಮೂಗು ಮುರಿಯುವುದು ಅಷ್ಟು ಸುಲಭವಲ್ಲ.

ಆದರೂ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆಯದು: ಆ ಹಣ ಎಷ್ಟು ಕಾಲ ನಿಲ್ಲುತ್ತದೆ ಎಂಬುದು. 2014ರ ಮೇ ತಿಂಗಳಿನಲ್ಲಿ ಲಿಸ್ಬನ್‌ನಲ್ಲಿ ನಡೆದ, ಯುರೋಪಿನ ಕ್ಲಬ್ಬುಗಳ ಮಹಿಳಾ ಚಾಂಪಿಯನ್ಸ್ ಲೀಗ್ ಫೈನಲ್ ನೋಡಿ. ಸ್ವೀಡನ್ನಿನ ಟೀರೆಸೊ ಕ್ಲಬ್ಬಿನಲ್ಲಿ ಬ್ರೆಜಿಲ್‌ನ ಹೆಸರಾಂತ ಆಟಗಾರ್ತಿ ಮಾರ್ತಾ ಇದ್ದರು. ವಿರಾಮದ ಹೊತ್ತಿಗೆ 2-0 ಮುನ್ನಡೆ. ವೋಲ್ಫ್ಸ್‌ಬುರ್ಗ್ ಸಮ ಮಾಡಿತು, ಮಾರ್ತಾ ಮತ್ತೆ ಗೋಲು ಹೊಡೆದರು, ಕೊನೆಗೆ 80ನೆಯ ನಿಮಿಷದಲ್ಲಿ ಮಾರ್ಟಿನಾ ಮ್ಯೂಲರ್ ಅವರ ಗೋಲಿನಿಂದ ವೋಲ್ಫ್ಸ್‌ಬುರ್ಗ್ 4-3ರಿಂದ ಗೆದ್ದಿತು. ಅಂಥ ಆಟ ಆಡಿದ ಟೀರೆಸೊ ಕೆಲವೇ ವಾರಗಳಲ್ಲಿ ಹಣವಿಲ್ಲದೆ ತನ್ನ ದೇಶದ ಲೀಗಿನಿಂದಲೇ ಹೊರಬಿತ್ತು. ಗೆದ್ದ ತಂಡ ಇಂದಿಗೂ ಯುರೋಪಿನ ದೊಡ್ಡ ತಂಡಗಳಲ್ಲಿ ಒಂದು. ಆಟದಲ್ಲಿ ಒಂದು ಗೋಲಿನ ಅಂತರ, ಬೆನ್ನಿಗೆ ನಿಂತವರಲ್ಲಿ ಅಜಗಜಾಂತರ.

ಕಂಪನಿಯನ್ನೇ ನಂಬಿ ಕೂರುವುದರಲ್ಲಿ ಅಪಾಯವೂ ಇದೆ. 2030ರೊಳಗೆ ಜರ್ಮನಿಯಲ್ಲಿ 35,000ಕ್ಕೂ ಹೆಚ್ಚು ಹುದ್ದೆಗಳನ್ನು ಕಡಿಮೆ ಮಾಡುವ ಒಪ್ಪಂದವನ್ನು ಫೋಕ್ಸ್‌ವ್ಯಾಗನ್ 2024ರ ಡಿಸೆಂಬರ್‌ನಲ್ಲಿ ಮಾಡಿಕೊಂಡಿತು. ಅಷ್ಟು ಮಂದಿಯ ಕೆಲಸ ಹೋಗುವಾಗ ಫುಟ್‌ಬಾಲಿಗೇಕೆ ದುಡ್ಡು ಎಂಬ ಪ್ರಶ್ನೆ ಏಳುವುದು ಸಹಜ. ಆಗ ಮೊದಲು ಕತ್ತರಿ ಬೀಳುವುದು ಮಹಿಳಾ ತಂಡಕ್ಕೋ ಪುರುಷರ ತಂಡಕ್ಕೋ ಎಂಬುದರಲ್ಲಿ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಸಿಗುತ್ತದೆ.

ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಭಾರತೀಯ ಮಹಿಳಾ ಲೀಗಿನ ಫೈನಲ್ ತಲುಪಿತ್ತು. ಎದುರಾಳಿ ಗೋಕುಲಂ ಕೇರಳದ ಎದುರು 5-0ರಿಂದ ಸೋತಿತು, ನಿಜ. ಆದರೂ ದೇಶದ ಎರಡನೆಯ ತಂಡ! ಎಷ್ಟು ಕನ್ನಡಿಗರಿಗೆ ಅದರ ಹೆಸರು ಗೊತ್ತು? ಬೆಂಗಳೂರಿನ ದಟ್ಟಣೆಯಲ್ಲಿ ಪುಟ್ಟ ಕಾರು ಮಾರುವ ಕಂಪನಿಗೆ ಅಂಥ ಹುಡುಗಿಯರಿಗಿಂತ ಒಳ್ಳೆಯ ಮುಖ ಬೇರೆಲ್ಲಿ ಸಿಕ್ಕೀತು?

ನೀವು ನೋಡಿದ ಜಾಹೀರಾತನ್ನು ಇನ್ನೊಮ್ಮೆ ನೋಡಿ. ಆಟಗಾರ್ತಿಯ ಹೆಸರು ಹೇಳಿದ್ದಾರೆಯೇ? ಕಾರು ಓಡಿಸುವವಳು ಅವಳೇ ಆಗಿದ್ದಾಳೆಯೇ, ಅಥವಾ ಬಾನೆಟ್ಟಿಗೆ ಒರಗಿ ನಗುತ್ತಿದ್ದಾಳೆಯೇ? ಒಪ್ಪಂದ ಎಷ್ಟು ವರ್ಷದ್ದು, ಕಿರಿಯ ಹುಡುಗಿಯರ ತಂಡಗಳಿಗೂ ಅದರಲ್ಲಿ ಪಾಲಿದೆಯೇ ಎಂದು ಕ್ಲಬ್ಬಿಗೇ ಬರೆದು ಕೇಳಿ.