ರಿನೈಸ್ ಮಾಡಿದರೆ ವೇಗ ಹೆಚ್ಚುವುದಿಲ್ಲ

ಪ್ರಶ್ನೆ: ಲಿನಕ್ಸ್‌ನಲ್ಲಿ ಎಫ್‌ಎಫ್‌ಎಂಪೆಗ್ ಬಳಸಿ ಮದುವೆ ವಿಡಿಯೊಗಳನ್ನು ಕನ್ವರ್ಟ್ ಮಾಡುತ್ತೇನೆ. ಬೇಗ ಮುಗಿಯಲೆಂದು ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ, ಆದ್ಯತೆ ಬದಲಿಸುವ ರಿನೈಸ್ ಆದೇಶದಿಂದ ಮೈನಸ್ 20 ಕೊಟ್ಟೆ. ಈಗ ಮೌಸ್ ಕೂಡ ಅಲುಗುವುದಿಲ್ಲ, ಕೆಲಸವೂ ಬೇಗ ಮುಗಿಯುತ್ತಿಲ್ಲ.
– ಸ್ಟುಡಿಯೊ ಮಾಲೀಕರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ವಿವರವಾಗಿಯೇ ಉತ್ತರಿಸುತ್ತೇನೆ. ರಿನೈಸ್ ಬದಲಿಸುವ ನೈಸ್ ಮೌಲ್ಯವು (ಮೈನಸ್ 20ರಿಂದ 19ರವರೆಗೆ, ಸಂಖ್ಯೆ ಚಿಕ್ಕದಾದಷ್ಟೂ ಆದ್ಯತೆ ಹೆಚ್ಚು) ಪ್ರೊಸೆಸರ್‌ಗೆ ಹೊಸ ಶಕ್ತಿ ತುಂಬುವುದಿಲ್ಲ. ಒಂದೇ ಕೋರ್‌ಗಾಗಿ ಹಲವು ಪ್ರೊಸೆಸ್‌ಗಳು (ಓಡುತ್ತಿರುವ ಪ್ರೋಗ್ರಾಂಗಳು) ಕಾದಿರುವಾಗ ಯಾವುದಕ್ಕೆ ಎಷ್ಟು ಪಾಲು ಸಿಗಬೇಕೆಂಬುದನ್ನಷ್ಟೇ ಅದು ನಿರ್ಧರಿಸುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲೆಕ್ಕದಲ್ಲಿ ನೈಸ್ 0 ಇರುವ ಪ್ರೊಸೆಸ್‌ಗೆ 1024 ತೂಕವಾದರೆ ಮೈನಸ್ 20ಕ್ಕೆ 88,761, ಅಂದರೆ ಸುಮಾರು 87 ಪಟ್ಟು. ಎಲ್ಲ ಕೋರ್‌ಗಳನ್ನೂ ಹಿಡಿದು ದುಡಿಯುವ ಎಫ್‌ಎಫ್‌ಎಂಪೆಗ್‌ಗೆ ಇಷ್ಟು ಪಾಲು ಕೊಟ್ಟ ಮೇಲೆ ಡೆಸ್ಕ್‌ಟಾಪ್‌ಗೆ ಉಳಿಯುವುದಾದರೂ ಏನು?

ನೀವು ಮಾಡಬೇಕಾದದ್ದು ಇದರ ತದ್ವಿರುದ್ಧ. ಕನ್ವರ್ಷನ್ನನ್ನು ‘ನೈಸ್ -ಎನ್ 19’ ಸೇರಿಸಿ ಆರಂಭಿಸಿ, ರೂಟ್ ಬೇಕಿಲ್ಲ. ಆಗ ಅದರ ತೂಕ 15ಕ್ಕೆ ಇಳಿಯುತ್ತದೆಯಾದರೂ, ಬೇರೆ ಕೆಲಸವಿಲ್ಲದ ಹೊತ್ತಿನಲ್ಲಿ ಅದು ಪೂರ್ಣ ವೇಗದಲ್ಲೇ ಓಡುತ್ತದೆ, ನೀವು ಬಿಲ್ ತೆರೆದ ಕೂಡಲೇ ದಾರಿ ಬಿಡುತ್ತದೆ. ಹೀಗೆ ಏರಿಸಿದ ಸಂಖ್ಯೆಯನ್ನು ಮತ್ತೆ ಇಳಿಸಲು ಸಾಮಾನ್ಯ ಬಳಕೆದಾರರಿಗೆ ಸಾಧಾರಣವಾಗಿ ಅನುಮತಿ ಇರುವುದಿಲ್ಲ ಎಂಬುದು ನೆನಪಿರಲಿ.

ಕೆಲಸ ಬೇಗ ಮುಗಿಯದಿರುವುದಕ್ಕೆ ಕಾರಣ ಬೇರೆಯೇ ಇರಬಹುದು. ಗಣಕದ ಸ್ಥಿತಿಯನ್ನು ಪ್ರತಿ ಸೆಕೆಂಡಿಗೆ ತೋರಿಸುವ ‘ವಿಎಂಸ್ಟ್ಯಾಟ್ 1’ ಓಡಿಸಿ, ಮೊದಲ ಸಾಲನ್ನು ಬಿಟ್ಟು ಉಳಿದವನ್ನು ಗಮನಿಸಿ. ‘ಡಬ್ಲ್ಯುಎ’ ಕಾಲಂ ಏರಿಯೇ ಇದ್ದರೆ ಪ್ರೊಸೆಸರ್ ಡಿಸ್ಕ್‌ಗಾಗಿ ಕಾಯುತ್ತಿದೆ. ‘ಎಸ್‌ಐ’, ‘ಎಸ್‌ಒ’ ಕಾಲಂಗಳಲ್ಲಿ (ರ‍್ಯಾಮ್ ಮತ್ತು ಡಿಸ್ಕ್ ನಡುವಿನ ಅದಲುಬದಲು) ಸೊನ್ನೆಯಲ್ಲದ ಅಂಕಿಗಳು ಸತತವಾಗಿ ಬರುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಈ ಎರಡು ಸ್ಥಿತಿಗಳಲ್ಲೂ ರಿನೈಸ್‌ನಿಂದ ಏನೂ ಪ್ರಯೋಜನವಿಲ್ಲ. ಕನ್ವರ್ಷನ್ನಿನ ಡಿಸ್ಕ್ ಓಡಾಟ ಇತರ ಕೆಲಸಗಳನ್ನು ತಡೆಯುತ್ತಿದ್ದರೆ ಡಿಸ್ಕ್ ಆದ್ಯತೆಯನ್ನು ತಗ್ಗಿಸುವ ‘ಐಒನೈಸ್ -ಸಿ 3’ ಪ್ರಯತ್ನಿಸಬಹುದು, ಆದರೆ ಡಿಸ್ಕ್‌ನ ಶೆಡ್ಯೂಲರ್ (ಡಿಸ್ಕ್ ಕೋರಿಕೆಗಳ ಸರದಿ ನಿರ್ಧರಿಸುವ ಭಾಗ) ಬಿಎಫ್‌ಕ್ಯೂನಂತಹದ್ದಾಗಿದ್ದರೆ ಮಾತ್ರ ಅದರ ಪರಿಣಾಮ ಕಾಣುತ್ತದೆ.

ಪ್ರಶ್ನೆ: ನನ್ನ ಪ್ರೋಗ್ರಾಂಗೆ ಸಿಎಚ್‌ಆರ್‌ಟಿ ಆದೇಶ ಬಳಸಿ ರಿಯಲ್‌ಟೈಮ್ 99 (ಎಲ್ಲ ಸಾಮಾನ್ಯ ಕೆಲಸಗಳಿಗಿಂತ ಮೇಲಿನ ಆದ್ಯತೆ) ಕೊಡಲೇ? – ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಬೇಡ.

ಪ್ರಶ್ನೆ: ಅಂಗಡಿಯವರು ಹಣ ಪಡೆದು ‘ಸ್ಪೀಡ್ ಸ್ಕ್ರಿಪ್ಟ್’ ಹಾಕಿಕೊಟ್ಟಿದ್ದಾರೆ. ಅದು ಎಲ್ಲ ಪ್ರೊಸೆಸ್‌ಗಳಿಗೂ ಮೈನಸ್ 20 ಕೊಡುತ್ತದೆ. ಇಟ್ಟುಕೊಳ್ಳಬಹುದೇ? – ಓದುಗರು, ಹರಿಹರ

ಉತ್ತರ: ಇದು ಶುದ್ಧ ಮೋಸ. ಎಲ್ಲದರ ತೂಕವನ್ನೂ ಒಂದೇ ಆಗಿಸಿದರೆ ಯಾವುದಕ್ಕೂ ಹೆಚ್ಚಿನ ಪಾಲು ಸಿಗುವುದಿಲ್ಲ, ಹಿನ್ನೆಲೆಯಲ್ಲಿ ಇರಲೆಂದು ತಗ್ಗಿಸಿಟ್ಟಿದ್ದ ಬ್ಯಾಕಪ್‌ನಂತಹ ಕೆಲಸಗಳೂ ಮುನ್ನುಗ್ಗುತ್ತವೆ. ಮೇಲಾಗಿ ಅದು ರೂಟ್ ಅಧಿಕಾರದಲ್ಲಿ ಓಡುವ ಅಪರಿಚಿತ ಸ್ಕ್ರಿಪ್ಟ್. ಇಂದೇ ಅಳಿಸಿ, ಗಣಕವನ್ನು ರೀಬೂಟ್ ಮಾಡಿ, ಪಾಸ್‌ವರ್ಡ್‌ಗಳನ್ನು ಬದಲಿಸಿ.