ಅಂಗಳದ ದಾರಿಗೆ ಖಡಿ ಎಷ್ಟು ತರಿಸಬೇಕು?

ಪ್ರಶ್ನೆ: ನಮ್ಮ ಹೊಸ ಮನೆಯ ಗೇಟಿನಿಂದ ಹಿತ್ತಲಿನವರೆಗೆ 42 ಅಡಿ ಉದ್ದ, 3 ಅಡಿ ಅಗಲದ ಕಾಲುದಾರಿಗೆ ಖಡಿ (ಜಲ್ಲಿ) ಹಾಸಬೇಕೆಂದಿದ್ದೇವೆ. ಅಂಗಳದ ಮಾವಿನ ಗಿಡದ ಸುತ್ತ 8 ಅಡಿ ವ್ಯಾಸದ ವೃತ್ತದಲ್ಲಿ ಬಿಳಿ ಗುಂಡುಕಲ್ಲು ಹರಡುವ ಆಸೆಯೂ ಇದೆ. ನೆಲ ಎರೆಮಣ್ಣಿನದು. ದಾರಿಗೆ ಒಂದು ಬ್ರಾಸ್ ಖಡಿ ಬೇಕೆಂದು ಒಬ್ಬರೂ ಮೂರು ಟನ್ ಸಾಕೆಂದು ಇನ್ನೊಬ್ಬರೂ ಹೇಳುತ್ತಾರೆ. ಯಾವುದು ಸರಿ?
— ಓದುಗರೊಬ್ಬರು, ಧಾರವಾಡ

ಉತ್ತರ: ಇಬ್ಬರೂ ನಿಮ್ಮಿಂದ ಉದ್ದ ಅಗಲ ಕೇಳಿ ಲೆಕ್ಕ ಹೇಳಿದ್ದಾರೆಯೇ ಹೊರತು ಖಡಿಯ ದಪ್ಪ ಎಷ್ಟಿರಬೇಕೆಂದು ಕೇಳಿದಂತೆ ಕಾಣುವುದಿಲ್ಲ. ಅದನ್ನು ಕೇಳದೆ ಹೇಳಿದ ಯಾವ ಲೆಕ್ಕವೂ ಊಹೆಯೇ.

ಮೊದಲು ಅಳತೆಗಳನ್ನು ಒಂದೇ ಮಾನಕ್ಕೆ ತರೋಣ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಒಂದು ಘನ ಅಡಿ ಬಿಡಿ ಖಡಿ, ಕಲ್ಲಿನ ಜಾತಿ ಮತ್ತು ಗಾತ್ರಕ್ಕೆ ತಕ್ಕಂತೆ, ಸುಮಾರು 41ರಿಂದ 45 ಕಿಲೊ ತೂಗುವುದರಿಂದ ಒಂದು ಬ್ರಾಸ್ ನಾಲ್ಕು ಟನ್ನಿಗೂ ತುಸು ಹೆಚ್ಚೇ ಆಗುತ್ತದೆ. ಮೂರು ಟನ್ ಎಂದರೆ ಹೆಚ್ಚುಕಡಿಮೆ 70 ಘನ ಅಡಿ. ನೆನಪಿಗೆ ಸುಲಭವಾದ ಸೂತ್ರವೊಂದಿದೆ: ಒಂದು ಘನ ಅಡಿ ಖಡಿ ಒಂದು ಇಂಚು ದಪ್ಪಕ್ಕೆ 12 ಚದರ ಅಡಿ, ಎರಡು ಇಂಚಿಗೆ 6, ಮೂರು ಇಂಚಿಗೆ 4 ಚದರ ಅಡಿ ಜಾಗವನ್ನು ಮುಚ್ಚುತ್ತದೆ.

ನಿಮ್ಮ ದಾರಿಯ ವಿಸ್ತೀರ್ಣ 126 ಚದರ ಅಡಿ. ನಡೆಯಲು ಹಿತವಾದ 12 ಎಂ.ಎಂ. ಖಡಿಯನ್ನು ಮೇಲೆ ಮೂರು ಇಂಚು ಹಾಸಿದರೆ 31.5 ಘನ ಅಡಿ ಬೇಕಾಗುತ್ತದೆ. ತಗ್ಗುದಿಣ್ಣೆಗೂ ಪೋಲಿಗೂ ಹತ್ತರಲ್ಲಿ ಒಂದು ಪಾಲು ಸೇರಿಸಿ 35 ಎಂದಿಟ್ಟುಕೊಳ್ಳಿ. ಗಟ್ಟಿಯಾದ ಗರಸು ನೆಲವಾಗಿದ್ದರೆ ಲೆಕ್ಕ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕೈಬೆರಳು ಇಳಿಯುವಷ್ಟು ಬಿರಿಯುವ ನೆಲ. ಅದರ ಮೇಲೆ ನೇರವಾಗಿ ಸುರಿದ ಸಣ್ಣ ಖಡಿ ಬಿರುಕಿಗೆ ಇಳಿದು, ಮಳೆಗಾಲದ ಕೆಸರಿನಲ್ಲಿ ಹೂತು, ಕೆಲವೇ ವರ್ಷಗಳಲ್ಲಿ ಕಾಣದಾಗುತ್ತದೆ. ಆದ್ದರಿಂದ ಕೆಳಗೆ ಖಡಿ ಮಣ್ಣಿಗೆ ಇಳಿಯದಂತೆ ತಡೆಯುವ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸಿ, 40 ಎಂ.ಎಂ. ಖಡಿಯ ನಾಲ್ಕು ಇಂಚಿನ ತಳವನ್ನು ದಮ್ಮಸ್ಸು ಮಾಡಿಸಬೇಕು. ಕುಟ್ಟಿದ ಮೇಲೆ 42 ಘನ ಅಡಿ ಉಳಿಯಬೇಕಾದರೆ ಬಿಡಿ ಖಡಿ 50 ಘನ ಅಡಿ ತರಿಸಬೇಕು. ಎರಡೂ ಕೂಡಿ 85 ಘನ ಅಡಿ, ಅಂದರೆ ಸುಮಾರು 3.6 ಟನ್, ಇದು ನಿಮಗೆ ಹೇಳಿದ ಎರಡು ಲೆಕ್ಕಗಳ ನಡುವೆ ಬರುತ್ತದೆ, ಆದರೆ ಎರಡು ಗಾತ್ರಗಳಲ್ಲಿ. ಅಂದಹಾಗೆ, ಏಳು ಇಂಚು ಅಗೆದಾಗ ಹೊರಬರುವ ಮಣ್ಣೂ ಸಡಿಲಗೊಂಡು ಇಷ್ಟೇ ಪ್ರಮಾಣದ ಗುಡ್ಡೆಯಾಗುತ್ತದೆ. ಅದನ್ನು ಎಲ್ಲಿಗೆ ಸಾಗಿಸುವುದೆಂದು ಮೊದಲೇ ಯೋಚಿಸಿರಿ.

ಅಂಚಿನ ಇಟ್ಟಿಗೆಯನ್ನು ಮರೆಯಬೇಡಿ. ನಾಲ್ಕು ಇಂಚಿನ ಇಟ್ಟಿಗೆ ಎರಡೂ ಬದಿಯಲ್ಲಿ ಮೂರು ಅಡಿಯ ಒಳಗೇ ಕೂರುವುದಾದರೆ ಹಾಸುವ ಜಾಗ 98 ಚದರ ಅಡಿಗೆ ಇಳಿದು, ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಖಡಿ ಉಳಿಯುತ್ತದೆ.

ಮಾವಿನ ಬುಡಕ್ಕೆ ಕಲ್ಲು ತಾಗಿಸದೆ ನಡುವೆ ಎರಡು ಅಡಿ ವ್ಯಾಸದಷ್ಟು ಬಿಟ್ಟರೆ ಉಳಿಯುವುದು ಸುಮಾರು 47 ಚದರ ಅಡಿ. ಎರಡು ಇಂಚಿಗೆ 8 ಘನ ಅಡಿ ಗುಂಡುಕಲ್ಲು ಸಾಕು, ತೂಕದಲ್ಲಿ ಸುಮಾರು 340 ಕಿಲೊ. ಚೀಲದ ಲೆಕ್ಕದಲ್ಲಿ ಕೊಳ್ಳುವಾಗ ಎಷ್ಟು ಚೀಲ ಎಂಬುದಕ್ಕಿಂತ ಚೀಲವೊಂದರ ತೂಕ ಎಷ್ಟು ಎಂದು ಕೇಳುವುದು ಮುಖ್ಯ.

ಖಡಿ ಟ್ರ್ಯಾಕ್ಟರಿನಲ್ಲಿ ಬಂದರೆ ಸುರಿಸುವ ಮೊದಲು ಟ್ರೇಲರಿನ ಒಳ ಉದ್ದ ಅಗಲ ಅಳೆದು, ಮೇಲ್ಭಾಗವನ್ನು ಸಮ ಮಾಡಿಸಿ, ನಾಲ್ಕು ಮೂಲೆಗಳಲ್ಲೂ ನಡುವೆಯೂ ಕಬ್ಬಿಣದ ಸರಳನ್ನು ತಳ ಮುಟ್ಟುವವರೆಗೆ ಇಳಿಸಿ ಎತ್ತರದ ಸರಾಸರಿ ತೆಗೆಯಿರಿ. 10 ಅಡಿ ಉದ್ದ, 6 ಅಡಿ ಅಗಲದ ಟ್ರೇಲರಿನಲ್ಲಿ ಒಂದು ಅಡಿ ಖಡಿ ಇದ್ದರೆ ಅದು 60 ಘನ ಅಡಿ. ಕ್ರಷರಿನಿಂದ ಬರುವ ದಾರಿಯ ಕುಲುಕಾಟಕ್ಕೆ ಖಡಿ ತುಸು ಇಳಿದಿರುತ್ತದೆ. ಅದನ್ನೇ ಮೋಸವೆಂದು ಜಗಳಕ್ಕೆ ಇಳಿಯಬೇಕಿಲ್ಲ. ಮೊದಲು ತಳದ ಖಡಿಯನ್ನು ಮಾತ್ರ ತರಿಸಿ, ಕುಟ್ಟಿಸಿ, ಉಳಿದ ಆಳವನ್ನು ಐದಾರು ಕಡೆ ಅಳೆದ ನಂತರ ಮೇಲಿನದನ್ನು ಹೇಳಿರಿ. ಕ್ವಾರಿಯಿಂದ ಕ್ವಾರಿಗೆ ಬಣ್ಣ ಬೇರೆಯಾಗುವುದರಿಂದ ಮೇಲಿನ ಖಡಿ ಒಂದೇ ಲೋಡಿನಲ್ಲಿ ಬರಲಿ.

ಪ್ರಶ್ನೆ: ಮಳೆಯಲ್ಲಿ ನೆನೆದ ಜಲ್ಲಿಯನ್ನು ತೂಕದ ಮೇಲೆ ಕೊಂಡರೆ ನಷ್ಟವಲ್ಲವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಜಲ್ಲಿಯ ಮಟ್ಟಿಗೆ ನಷ್ಟ ಅಲ್ಪ, ಏಕೆಂದರೆ ನೀರು ಅದರ ಸಂದುಗಳಿಂದ ಬಸಿದುಹೋಗಿ ಮೈಗೆ ಅಂಟಿದ್ದಷ್ಟೇ ಉಳಿಯುತ್ತದೆ. ಎಚ್ಚರ ಬೇಕಾದದ್ದು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಮತ್ತು ಕ್ರಷರ್ ಪುಡಿಯನ್ನು ಕೊಳ್ಳುವಾಗ. ಅವು ನೀರನ್ನು ಹಿಡಿದಿಟ್ಟುಕೊಂಡು ತೂಕ ಹೆಚ್ಚಿಸುವುದಲ್ಲದೆ, ತೇವವಿದ್ದಾಗ ಉಬ್ಬಿ ಘನ ಅಡಿಯ ಅಳತೆಯಲ್ಲೂ ಹೆಚ್ಚಾಗಿ ತೋರುತ್ತವೆ.